ಉದರ ಶಸ್ತ್ರಚಿಕಿತ್ಸೆಯ ಬಿಲ್‌ರಾತ್

ನಮ್ಮ ಸೋದರಮಾವನವರಿಗೆ ಹಿಂದೊಮ್ಮೆ ಬೆಂಗಳೂರಿನಲ್ಲಿ ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕೋಡಿಹಳ್ಳಿಗೆ ಮರಳುವಾಗ ಕೊಟ್ಟ ಚೀಟಿಯಲ್ಲಿ ‘ಬಿಲ್‌ರಾತ್ 2’ ಎಂದು ಬರೆದಿತ್ತು. ಅದು ಶಸ್ತ್ರವೈದ್ಯರೊಬ್ಬರ ಹೆಸರೆಂದು ತಿಳಿದಂದಿನಿಂದ ಆ ಮಹನೀಯರ ವಿಷಯದಲ್ಲಿ ನನಗೆ ಕುತೂಹಲ.

ಥಿಯೋಡೋರ್ ಬಿಲ್‌ರಾತ್ (1829–1894) ಪ್ರಷ್ಯಾದ ಪಾದ್ರಿಯೊಬ್ಬರ ಮಗ. 1867ರಿಂದ ವಿಯೆನ್ನಾದಲ್ಲಿ ಪ್ರಾಧ್ಯಾಪಕರು. ಜಠರದ ಅರ್ಬುದಪೀಡಿತ ಭಾಗವನ್ನು ತೆಗೆಯಲು 1879ರಲ್ಲಿ ಪ್ಯಾರಿಸ್‌ನಲ್ಲಿಯೂ ಮರುವರ್ಷ ಪೋಲಿಷ್ ವೈದ್ಯರೊಬ್ಬರಿಂದಲೂ ಪ್ರಯತ್ನ ನಡೆದಿತ್ತು. ಇಬ್ಬರು ರೋಗಿಗಳೂ ಬದುಕಲಿಲ್ಲ. 1881ರ ಜನವರಿ 29ರಂದು ಬಿಲ್‌ರಾತ್ ಅವರು ತೆರೇಸೆ ಹೆಲ್ಲರ್ ಎಂಬ 43 ವರ್ಷದ ತಾಯಿಯ ಜಠರದ ಕೆಳತುದಿಯನ್ನು ಕತ್ತರಿಸಿ, ಉಳಿದ ಭಾಗವನ್ನು ಸಣ್ಣ ಕರುಳಿಗೆ ಸುಮಾರು 50 ರೇಷ್ಮೆ ಹೊಲಿಗೆಗಳಿಂದ ಕೂಡಿಸಿದರು. ಆಕೆ ಚೇತರಿಸಿಕೊಂಡು ಮತ್ತೆ ಆಹಾರ ಸೇವಿಸಿದರು. ಹರಡಿದ್ದ ಅರ್ಬುದದಿಂದ ನಾಲ್ಕು ತಿಂಗಳ ಬಳಿಕ ತೀರಿಕೊಂಡರು. ಮಾವನವರಿಗೆ ಮಾಡಿದ ಎರಡನೆಯ ವಿಧಾನ 1885ರದು. ಹುಣ್ಣಿಗೆ ಕಾರಣವಾಗುವ ಜೀವಾಣು 1982ರಲ್ಲಿ ಪತ್ತೆಯಾದ ಮೇಲೆ ಹೆಚ್ಚಿನವರಿಗೆ ಮಾತ್ರೆಗಳೇ ಸಾಲುತ್ತಿವೆ.

ರೇಷ್ಮೆ ಎಂದೊಡನೆ ನಮ್ಮ ಸೀಮೆಯವರು ಓದನ್ನು ನಿಲ್ಲಿಸಿ ಯೋಚಿಸಬೇಕಾಗುತ್ತದೆ. ಕನಕಪುರ, ರಾಮನಗರಗಳ ಸುತ್ತ ಹಿಪ್ಪುನೇರಳೆಯೇ ಅನೇಕರ ಅನ್ನ. ಆದರೆ ಗೂಡಿನೊಳಗಿನ ಜೀವ ಬಿಸಿಗೆ ಸಾಯದೆ ಎಳೆ ಮುರಿಯದ ನೂಲು ದೊರೆಯದು. ಆದಕಾರಣ ನಮ್ಮ ತಾಯಿಯವರು ರೇಷ್ಮೆ ಉಡುತ್ತಿರಲಿಲ್ಲ. ಇನ್ನೂ ಕಠಿಣವಾದ ಸಂಗತಿಯೊಂದಿದೆ. ಬಿಲ್‌ರಾತ್ ಅವರ ಶಿಷ್ಯರಾದ ಗುಸೆನ್‌ಬೌವರ್ ಮತ್ತು ವಿನಿವಾರ್ಟರ್ ಈ ಕ್ರಮವನ್ನು ಮೊದಲು ನಾಯಿಗಳ ಮೇಲೆ ಪ್ರಯೋಗಿಸಿ 1876ರಲ್ಲಿ ಪ್ರಕಟಿಸಿದ್ದರು. ಆ ಮೂಕಪ್ರಾಣಿಗಳಲ್ಲಿ ಹಲವು ಸತ್ತವು. ಶ್ರಾವಕನ ಲೆಕ್ಕದಲ್ಲಿ ಇದು ಸಂಕಲ್ಪೀ ಹಿಂಸೆಯೇ ಅಲ್ಲವೆ? ನಾನು ಅದನ್ನು ಸಮರ್ಥಿಸಲಾರೆ. ಅದರ ಫಲವನ್ನು ನಮ್ಮ ಮನೆ ಉಂಡಿದೆ ಎಂಬುದನ್ನೂ ಅಲ್ಲಗಳೆಯಲಾರೆ.

ನನಗೆ ಅವರಲ್ಲಿ ಗೌರವ ಮೂಡಿದ್ದು ಕೈಚಳಕಕ್ಕಿಂತ ಹೆಚ್ಚಾಗಿ ಬೇರೊಂದು ಕಾರಣಕ್ಕೆ. ಜೂರಿಕ್‌ನಲ್ಲಿ 1860ರಿಂದ 1867ರವರೆಗೆ ತಾವು ಮಾಡಿದ ಚಿಕಿತ್ಸೆಗಳ ವರದಿಯನ್ನು 1869ರಲ್ಲಿ ಹೊರತಂದಾಗ, ಗುಣವಾದವರೊಡನೆ ಸತ್ತವರನ್ನೂ ಅದರಲ್ಲಿ ಸೇರಿಸಿದ್ದರು. ಸೋಲನ್ನು ಅಚ್ಚುಹಾಕಿಸುವ ರೂಢಿ ಆಗಿನ ವೈದ್ಯರಲ್ಲಿ ವಿರಳ. ಔಷಧಾಲಯ ನಡೆಸುವ ನಮ್ಮ ಧರ್ಮಸಂಸ್ಥೆಗಳ ವಾರ್ಷಿಕ ವರದಿಗಳನ್ನು ನಾನು ಓದುವುದುಂಟು. ಗುಣ ಹೊಂದಿದವರ ಸಂಖ್ಯೆ ಅಲ್ಲಿರುತ್ತದೆ. ಉಳಿದವರು ಏನಾದರೆಂಬುದು ಕಾಣುವುದಿಲ್ಲ. ದಾನಿಗಳು ಹಿಂಜರಿದಾರೆಂಬ ಅಂಜಿಕೆ ಸಹಜವೇ. ಹೆಸರು ಕೆಡುವ ಅಂಜಿಕೆ ವಿಯೆನ್ನಾದಲ್ಲಿಯೂ ಇದ್ದಿರಬೇಕು. ಆದರೂ ತೆರೇಸೆಯ ನಂತರ ಅದೇ ಶಸ್ತ್ರಚಿಕಿತ್ಸೆಗೆ ಒಳಗಾದ ಇಬ್ಬರು ಉಳಿಯಲಿಲ್ಲವೆಂಬುದನ್ನು ಶಿಷ್ಯ ವೋಲ್ಫ್ಲರ್ ಅದೇ ವರ್ಷದ ತಮ್ಮ ಪುಸ್ತಕದಲ್ಲಿ ಬರೆದರು, ಗುರುಗಳು ತಡೆಯಲಿಲ್ಲ.