ದೂರ ಹೋದರೆ ಇಬ್ಬರು

ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಏನೂ ಇಲ್ಲ. ಇಂಥ ತಲೆನೋವನ್ನು ಮನೆಯವರಿಗೆ ನಂಬಿಸುವುದೇ ಕಷ್ಟ. ಸಿಸೇರಿಯನ್‌ಗೆಂದು ಬೆನ್ನಿಗೆ ಅರಿವಳಿಕೆ ಚುಚ್ಚಿದ ಎರಡನೆಯ ದಿನ ನನಗೆ ಅದು ಶುರುವಾಯಿತು. ಬಾಣಂತಿಗೆ ಥಂಡಿ ಎಂದು ಅಮ್ಮ ತಲೆಗೆ ಬಟ್ಟೆ ಬಿಗಿದಳು, ಕಿವಿಗೆ ಹತ್ತಿ ಇಟ್ಟಳು.

ಎಂಟನೆಯ ದಿನ ಕಣ್ಣು ಕೈಕೊಟ್ಟಿತು. ಮಡಿಲಲ್ಲಿದ್ದಾಗ ಒಬ್ಬಳೇ ಆಗಿದ್ದ ಮಗಳು, ಬಾಗಿಲ ಬಳಿಗೆ ಒಯ್ದರೆ ಅಕ್ಕಪಕ್ಕ ಇಬ್ಬರಾಗುತ್ತಿದ್ದಳು.

ಮಿದುಳಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿಲ್ಲವೆಂದು ಎಂಆರ್‌ಐ ಮಾಡಿ ಖಚಿತಪಡಿಸಿಕೊಂಡ ಮೇಲೆ ವೈದ್ಯರು ಕಾರಣ ವಿವರಿಸಿದರು. ಸುಮಾರು 1400 ಗ್ರಾಂ ತೂಗುವ ಮಿದುಳು ತನ್ನ ಸುತ್ತಲಿನ ದ್ರವದಲ್ಲಿ ತೇಲುವಾಗ 50 ಗ್ರಾಂನಷ್ಟೇ ಭಾರ. ಬೆನ್ನುಹುರಿಯ ಹೊದಿಕೆಗೆ ಸೂಜಿ ಮಾಡಿದ ತೂತಿನಿಂದ ಆ ದ್ರವ ಸೋರಿದರೆ ಒತ್ತಡ ಇಳಿದು ಮಿದುಳು ಕೆಳಕ್ಕೆ ಜಗ್ಗುತ್ತದೆ. ಕಣ್ಣನ್ನು ಹೊರಮಗ್ಗುಲಿಗೆ ತಿರುಗಿಸುವ ಆರನೆಯ ಕಪಾಲ ನರ ಮೂಳೆಯ ಅಂಚಿನ ಮೇಲೆ ಬಾಗಿ ಹೋಗುವುದರಿಂದ ಆ ಎಳೆತಕ್ಕೆ ಸುಲಭವಾಗಿ ಸಿಗುತ್ತದೆ. ನನ್ನ ಎಡಗಣ್ಣು ಮೂಗಿನ ಕಡೆಗೆ ಸರಿದು ನಿಂತಿತ್ತು.

ಮಲಗಿರಿ, ನೀರು ಕುಡಿಯಿರಿ, ಕಾಫಿ ಕುಡಿಯಿರಿ ಎಂದರು. ಬಾಣಂತಿಗೆ ನೀರು ಅಳೆದು ಕೊಡುವ ಅಜ್ಜಿಯ ಕಟ್ಟಳೆ ಅಂದೇ ಮುರಿಯಿತು. ಆದರೂ ನೋವು ತಗ್ಗದಿದ್ದಾಗ ನನ್ನ ತೋಳಿನಿಂದಲೇ 20 ಮಿಲಿಲೀಟರ್ ರಕ್ತ ತೆಗೆದು, ಬೆನ್ನಿನಲ್ಲಿ ಆ ಹೊದಿಕೆಯ ಹೊರಗೆ ತುಂಬಿದರು. ಅದು ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಈ ಅರಿವಳಿಕೆಯನ್ನು ತನ್ನ ಮೇಲೇ ಪ್ರಯೋಗಿಸಿಕೊಂಡು ಇದೇ ತಲೆನೋವು ಅನುಭವಿಸಿದ್ದ. ರಕ್ತದ ತೇಪೆಯನ್ನು ಅಮೆರಿಕದ ಜೇಮ್ಸ್ ಗಾರ್ಮ್ಲಿ ವರದಿ ಮಾಡಿದ್ದು 1960ರಲ್ಲಿ.

ಸಂಜೆಗೆ ಎದ್ದು ಕೂತೆ. ತಲೆನೋವಿಲ್ಲ! ಕಣ್ಣು ಮಾತ್ರ ಹಾಗೇ ಇತ್ತು. ತೇಪೆ ಸೋರಿಕೆಯನ್ನು ನಿಲ್ಲಿಸುತ್ತದೆ. ಎಳೆದು ನೊಂದ ನರ ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಒಂದು ಕಣ್ಣು ಮುಚ್ಚಿಕೊಳ್ಳಬೇಕು, ಇಲ್ಲವೇ ಕನ್ನಡಕಕ್ಕೆ ಪ್ರಿಸಂ ಅಂಟಿಸಬೇಕು. ಆರು ತಿಂಗಳು ಕಳೆದರೂ ಸರಿಹೋಗದಿದ್ದರಷ್ಟೇ ಶಸ್ತ್ರಚಿಕಿತ್ಸೆಯ ಮಾತು.

ಮಗು ನೋಡಲು ಬಂದವರೆಲ್ಲ ನನ್ನ ಕಣ್ಣಿನ ಪಟ್ಟಿ ನೋಡಿ, “ನರಕ್ಕೆ ಏನು ಔಷಧಿ ಕೊಟ್ಟರು?” ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ಅಮ್ಮನಿಗೆ ಅವಮಾನವಾದಂತಾಗುತ್ತಿತ್ತು. ನಾನು ದಿನಾ ಬೆಳಿಗ್ಗೆ ಪಟ್ಟಿ ತೆಗೆದು, ಗಂಡನ ಕೈಗೆ ಮಗಳನ್ನು ಕೊಟ್ಟು ಹಿಂದೆ ಹಿಂದೆ ನಡೆಯಲು ಹೇಳುತ್ತಿದ್ದೆ. ಅವಳು ಇಬ್ಬರಾದ ಕಡೆ ನೆಲಕ್ಕೆ ಸೀಮೆಸುಣ್ಣದ ಗೆರೆ. ಮೂರು ವಾರ ಗೆರೆ ಅಲ್ಲಾಡಲೇ ಇಲ್ಲ. ನಾಲ್ಕನೆಯ ವಾರ ಒಂದು ಗೇಣು ಮುಂದೆ ಹೋಯಿತು. ಹತ್ತನೆಯ ವಾರದಲ್ಲಿ ಅದು ಹೊಸ್ತಿಲು ದಾಟಿ ಅಂಗಳಕ್ಕಿಳಿಯಿತು.