ಪೆನ್ಸಿಲ್ ಕೆಳಗ ಇಡ್ರಿ, ಗಿಡ ಮುಟ್ರಿ

ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆ. ಬೆಳಗಿನ ಬಿಸಿಲು ಆಗಲೇ ಕೆಂಪು ಬಂಡೆಗೆ ಬಿದ್ದಿದೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತದೆ. ಶಾಲೆಯ ಮಕ್ಕಳ ಹಿಂದೆ ನೀವೂ ನಡೆದಿದ್ದೀರಿ. ಬುತ್ತಿಚೀಲ ಬಿಗಿಯಾಗಿ ಹಿಡಿದುಕೊಳ್ಳಿ, ಮಂಗಗಳು ಕಾದು ಕೂತಿವೆ.

ಬೇವಿನ ಗಿಡದ ಬುಡದಲ್ಲಿ ಗುರುಗಳು ನಿಲ್ಲುತ್ತಾರೆ. ‘ಗಿಡದ ಮ್ಯಾಲ ಕವಿತೆ ಬರೀರಿ’ ಅಂದದ್ದೇ ತಡ, ನೋಟ್‌ಬುಕ್ಕುಗಳಲ್ಲಿ ‘ಹಸಿರೇ ಉಸಿರು’ ಬಂದು ಕೂತಿತು.

‘ಇದು ಸಾಲಿ ಗ್ವಾಡಿ ಮ್ಯಾಲೇ ಐತಲ್ಲೋ! ಪೆನ್ಸಿಲ್ ಕೆಳಗ ಇಡ್ರಿ. ಗಿಡ ಮುಟ್ರಿ.’

ನೀವೂ ಮುಟ್ಟಿ. ಒರಟು ತೊಗಟೆ, ಸೀಳಿನಲ್ಲಿ ಇರುವೆಗಳ ಓಡಾಟ. ಒಂದು ಕಡೆ ಅಂಟು ಒಸರಿ ಜೇನುಬಣ್ಣದ ಮಣಿಯಾಗಿ ಗಟ್ಟಿಯಾಗಿದೆ. ಹುಡುಗಿಯೊಬ್ಬಳು ಅದನ್ನು ಉಗುರಿನಿಂದ ಕಿತ್ತು ನಾಲಿಗೆಗೆ ಇಡುತ್ತಾಳೆ. ‘ಸರ್, ಕಹಿನೇ ಇಲ್ರಿ!’ ಎಲೆ ಕಹಿ, ತೊಗಟೆ ಕಹಿ, ಅಂಟು ಮಾತ್ರ ಸಪ್ಪೆ. ಕವಿತೆ ಶುರುವಾಗುವುದು ಇಂಥಲ್ಲೇ.

ಮೂರೇ ಸಾಲು ಸಾಕೆಂದು ಗುರುಗಳ ಅಪ್ಪಣೆ. ಹಿತ್ತಲ ಗಿಡ ನೆನೆದ ಒಬ್ಬ ಹುಡುಗ ಓದುತ್ತಾನೆ:

ಹುಣಸಿಕಾಯಿ ತಿಂದವ ನಾನು
ಚಡ್ಡಿ ಹರದದ್ದು ಟೊಂಗಿ
ಅವ್ವ ಬೈದದ್ದು ಗಿಡಕ್ಕ

ಪ್ರಾಸವಿಲ್ಲ. ಬೇಕಾಗಿಯೂ ಇಲ್ಲ.

ಮೂರು ಸಾಲೇ ಯಾಕೆ? ಇಲ್ಲೇ ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕ್ರಿ.ಶ. 700ರ ಆಸುಪಾಸಿನದು, ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಅಲ್ಲಿರುವುದು ವೀರನ ಮಾತು, ಗಿಡದ್ದಲ್ಲ. ಗಿಡ ಬೇಕಾದರೆ ಮೂರನೆಯ ಗುಹೆಗೆ ಹತ್ತಬೇಕು. ಚಾಲುಕ್ಯರ ಮಂಗಳೇಶ 578ರಲ್ಲಿ ಶಾಸನ ಬರೆಸಿದ ಆ ಗುಹೆಯಲ್ಲಿ ಕಂಬದ ಮೇಲಿನ ಜೋಡಿಗಳು ಕಲ್ಲಿನ ಮರಗಳ ಕೆಳಗೆ ನಿಂತಿವೆ. ಎಲೆ ಎಣಿಸಲು ಕೂತ ಮಕ್ಕಳನ್ನು ಎಬ್ಬಿಸುವುದೇ ಕಷ್ಟ. ಎಬ್ಬಿಸಲೂ ಬಾರದು ಅನ್ನಿ.

ಜೂನ್ 5 ಬಂತೆಂದರೆ ನಿಮ್ಮೂರಿನ ಶಾಲೆಯಲ್ಲೂ ಪರಿಸರ ದಿನದ ಸ್ಪರ್ಧೆ ಇದ್ದದ್ದೇ. ಈ ಸಲ ಮಕ್ಕಳನ್ನು ಕೋಣೆಯಲ್ಲಿ ಕೂಡಿಸಬೇಡಿ. ಅಂಗಳದ ಗಿಡದ ಬುಡಕ್ಕೆ ಕರಕೊಂಡು ಹೋಗಿ, ಅರ್ಧ ತಾಸು ಸುಮ್ಮನೆ ಬಿಡಿ. ಬರೆದದ್ದಕ್ಕೆ ಮಾರ್ಕ್ಸ್ ಹಾಕಬೇಡಿ, ‘ಟೊಂಗಿ’ಯನ್ನು ‘ಕೊಂಬೆ’ ಎಂದು ತಿದ್ದಲೂ ಬೇಡಿ.