ಹದಿನಾರು ಸ್ಪ್ರಿಂಗ್, ಒಂದು ಹಗ್ಗ

ಶಾರ್ಜಾದಲ್ಲಿ ಅಕ್ಕಪಕ್ಕದ ಮನೆಗಳಲ್ಲಿರುವ ನಮ್ಮ ಎರಡು ಕುಟುಂಬಗಳಿಗೆ ಸೇರಿ ಒಂದೇ ಗಾಡಿ: 2004ರ ಸಿಲ್ವೆರಾಡೊ ಪಿಕಪ್, 5.3 ಲೀಟರ್ ವಿ8 ಎಂಜಿನ್. ಕಳೆದ ಚಳಿಗಾಲ ಮಕ್ಕಳನ್ನು ಕೂರಿಸಿಕೊಂಡು ಜೆಬೆಲ್ ಜೈಸ್ ಏರುವಾಗ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ತಡವರಿಸತೊಡಗಿತು. ಪಕ್ಕದಲ್ಲಿ ಕಣಿವೆ, ಹಿಂದೆ ವಾಹನಗಳ ಸಾಲು. ಹಾಡುತ್ತಿದ್ದ ಮಕ್ಕಳು ಸುಮ್ಮನಾದರು.

ವಾಲ್ವ್ ಸ್ಪ್ರಿಂಗ್‌ಗಳು ಸೋತಿವೆ ಎಂದರು ಗ್ಯಾರೇಜಿನವರು. ಕೇಳಿದ ಮೊತ್ತ ಎರಡು ತಿಂಗಳ ಬಾಡಿಗೆಯಷ್ಟು. ಅದು ಶಾಲಾ ಫೀಸು ಕಟ್ಟುವ ತಿಂಗಳು ಬೇರೆ. ನಮ್ಮಲ್ಲಿ ಹಿರಿಯರಾದ ಅಣ್ಣ ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ಪಳಗಿದವರು. "ನಾವ ಮಾಡೋಣು. ಎಲ್ಲಿ ಉಳಿಸ್ಬೇಕು, ಎಲ್ಲಿ ಉಳಿಸ್ಬಾರ್ದು, ಮೊದ್ಲ ಬರೀರಿ" ಎಂದರು.

ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗ್‌ನದು. ಅದು ಮುರಿದು ವಾಲ್ವ್ ಪಿಸ್ಟನ್‌ಗೆ ಬಡಿದರೆ ಎಂಜಿನ್ನೇ ಹೋದೀತು. ಹಾಗಾಗಿ 16 ಸ್ಪ್ರಿಂಗ್, 16 ಸೀಲ್ ಎಲ್ಲ ಹೊಸವು. ಸ್ಪ್ರಿಂಗ್‌ಗಳು ಇದೇ ಬಳಗದ ಎಲ್‌ಎಸ್6 ಎಂಜಿನ್ನಿನ ಗಟ್ಟಿ ನಮೂನೆಯವು. ರಾಕರ್‌ಗಳು ಹಳೆಯವೇ, ಒಳಗಿನ ಸೂಜಿ ಬೇರಿಂಗ್ ಬದಲು ಕಂಚಿನ ಬುಷ್. ಪುಶ್ ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆವು, ನೇರವಾಗಿದ್ದವು, ಉಳಿದವು. ಕ್ಯಾಮ್ ಮುಟ್ಟಲಿಲ್ಲ.

ಹೆಡ್ ಬಿಚ್ಚದಿರುವುದೇ ದೊಡ್ಡ ಉಳಿತಾಯ. ಎರಡೂ ವಾಲ್ವ್ ಮುಚ್ಚಿರುವ ಹೊತ್ತಿಗೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಹತ್ತಿಯ ಹಗ್ಗ ತುರುಕಿ, ತುದಿ ಹೊರಗೆ ಬಿಟ್ಟು, ಕ್ರ್ಯಾಂಕ್ ಕೈಯಲ್ಲೇ ತಿರುಗಿಸಿದರೆ ಪಿಸ್ಟನ್ ಮೇಲೆದ್ದು ಹಗ್ಗವನ್ನು ವಾಲ್ವ್‌ಗೆ ಒತ್ತುತ್ತದೆ. ಸ್ಪ್ರಿಂಗ್ ತೆಗೆದರೂ ವಾಲ್ವ್ ಒಳಗೆ ಬೀಳದು.

ಐದನೇ ಸಿಲಿಂಡರಿನಲ್ಲಿ ವಾಲ್ವ್ ಹಿಡಿಯುವ ಕಾಟರ್ ಒಂದು ಚಿಮ್ಮಿ ಮಾಯವಾಯಿತು. ಹತ್ತಿರದ ಎಣ್ಣೆ ತೂತಿಗೆ ಬಟ್ಟೆ ಇಡಲು ಮರೆತಿದ್ದೆವು. ಅದು ಎಂಜಿನ್ನಿನೊಳಗೆ ಬಿದ್ದಿದ್ದರೆ ಉಳಿಸಿದ್ದೆಲ್ಲ ನೀರಿನಲ್ಲಿ ಹೋಮ. ಎರಡು ಗಂಟೆ ಟಾರ್ಚ್ ಹಿಡಿದು ಹುಡುಕಿದೆವು. ಯಾರ ತಪ್ಪೆಂದು ಯಾರೂ ಕೇಳಲಿಲ್ಲ. ಕೊನೆಗೆ ಅಣ್ಣನ ಲುಂಗಿಯ ಮಡಿಕೆಯಲ್ಲಿ ಸಿಕ್ಕಿತು! ಆಮೇಲೆ ಮೊದಲು ಬಟ್ಟೆ, ಆಮೇಲೆ ಸ್ಪ್ಯಾನರ್.

ರಾಕರ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ 30 ನ್ಯೂಟನ್ ಮೀಟರಿಗೆ ಬಿಗಿದು ಎರಡನೇ ವಾರಾಂತ್ಯದಲ್ಲಿ ಕೆಲಸ ಮುಗಿಸಿದೆವು. ಖರ್ಚು, ಕೇಳಿದ್ದರ ಕಾಲುಭಾಗಕ್ಕಿಂತ ಕಡಿಮೆ. ಮುಂದಿನ ತಿಂಗಳು ಮತ್ತೆ ಅದೇ ಘಾಟಿ ಏರಿದೆವು. ಗಾಡಿ ತಡವರಿಸಲಿಲ್ಲ. ಮಕ್ಕಳು ಕೊನೆಯ ತಿರುವಿನವರೆಗೂ ಹಾಡುತ್ತಲೇ ಇದ್ದರು. ನಾವು ಮಾತ್ರ ಹಾಡಲಿಲ್ಲ. ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆವು.